ಒಂದೇ ಒಪ್ಪಂದ, ಎರಡು ಕಲ್ಲು: ರೂಲ್ಸ್ ಎಂಜಿನ್‌ಗೆ ಶಾಸನ ಕಲಿಸಿದ್ದು

ಶ್ರವಣಬೆಳಗೊಳದ ಶಾಸನಗಳನ್ನು ಓದುವವರಿಗೆಲ್ಲ ಈ ತಲೆನೋವು ಗೊತ್ತಿರುತ್ತದೆ: ಸಂಖ್ಯೆ. ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿದ್ದದ್ದು 144 ಶಾಸನ. ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ 500. ಮೈಸೂರು ವಿಶ್ವವಿದ್ಯಾನಿಲಯದ 1973ರ ಆವೃತ್ತಿಯಲ್ಲಿ 573. ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ 1368ರ ಶಾಸನ ಇದೆಯಲ್ಲ, ಅದು ರೈಸರಲ್ಲಿ 136, ನರಸಿಂಹಾಚಾರ್ಯರಲ್ಲಿ 344. ಹಳೆಯ ಲೇಖನದಲ್ಲಿ ಬರೀ ಸಂಖ್ಯೆ ಕೊಟ್ಟಿದ್ದರೆ ಯಾವ ಆವೃತ್ತಿಯದು ಅಂತ ಹುಡುಕುತ್ತ ಕೂರಬೇಕು.

ಹೊಟ್ಟೆಪಾಡಿಗೆ ನಾನು ಸಾಫ್ಟ್‌ವೇರ್ ಇಂಜಿನಿಯರ್. ಈ ಪಟ್ಟಿಗಳನ್ನು ಹೊಂದಿಸೋಕೆ ಆಫೀಸಿನಲ್ಲಿ ಬಳಸುವ ರೂಲ್ಸ್ ಎಂಜಿನ್ನನ್ನೇ ಹಿಡಿದೆ. ಅದಕ್ಕೆ ಎರಡು ಸಂಗತಿ ಕೊಡಬೇಕು: ಫ್ಯಾಕ್ಟ್‌ಗಳು (ಈ ಕಲ್ಲಿನಲ್ಲಿ ಇಂಥ ಶಕವರ್ಷ ಇದೆ) ಮತ್ತು ನಿಯಮಗಳು (ಹೀಗೆ ಹೊಂದಿದರೆ ಹೀಗೆ ಮಾಡು). ಹೊಂದಿಸುವ ಕೆಲಸ ಎಂಜಿನ್ನಿನದು. 500ನ್ನು 573ರ ಜೊತೆ ಒಂದೊಂದಾಗಿ ಹೋಲಿಸಿದರೆ 2,86,500 ಜೋಡಿ. ಚಾರ್ಲ್ಸ್ ಫೋರ್ಗಿ ಎಪ್ಪತ್ತರ ದಶಕದಲ್ಲಿ ರೂಪಿಸಿದ ರೀಟಿ ವಿಧಾನ ಇದನ್ನು ತಪ್ಪಿಸುತ್ತದೆ. ರೀಟಿ ಅಂದರೆ ಲ್ಯಾಟಿನ್‌ನಲ್ಲಿ ಬಲೆ. ಅರ್ಧ ಹೊಂದಿದ್ದನ್ನೆಲ್ಲ ಬಲೆಯ ಗಂಟುಗಳಲ್ಲಿ ನೆನಪಿಟ್ಟುಕೊಂಡು, ಹೊಸ ಫ್ಯಾಕ್ಟ್ ಬಂದಾಗ ಅದಕ್ಕೆ ಸಂಬಂಧಪಟ್ಟಷ್ಟನ್ನೇ ನೋಡುತ್ತದೆ. ಅದರ ಮೇಲೆ ಇಂಡೆಕ್ಸ್ ಇದ್ದರೆ ಶಕವರ್ಷ, ಸಂವತ್ಸರ, ಮಾಸ, ತಿಥಿ ಸೇರಿಸಿ ಒಂದು ಕೀಲಿ. ಒಂದೇ ಕೀಲಿಯವು ಒಂದೇ ಡಬ್ಬಿಗೆ. ಆಮೇಲೆ ಡಬ್ಬಿಯ ಒಳಗಷ್ಟೇ ಹೋಲಿಕೆ.

ಮೊದಲ ಸಲ ಓಡಿಸಿದಾಗ ಕಂಪ್ಯೂಟರು ಏದುಸಿರು ಬಿಟ್ಟಿತು. ಚಿಕ್ಕಬೆಟ್ಟದ ಬಂಡೆಯ ಮೇಲೆ ಯಾತ್ರಿಕರು ಬರೀ ಹೆಸರು ಕೊರೆದುಹೋದ ಬರಹಗಳು ಎಷ್ಟಿವೆ ನಿಮಗೇ ಗೊತ್ತು. ಅವಕ್ಕೆ ತೇದಿಯೇ ಇಲ್ಲ. ನನ್ನ ನಿಯಮಕ್ಕೆ ಖಾಲಿಯೂ ಖಾಲಿಯೂ ಸಮ! ಎಲ್ಲ ಒಂದೇ ಡಬ್ಬಿಗೆ ಬಿದ್ದು, ಪ್ರತಿಯೊಬ್ಬ ಯಾತ್ರಿಕನೂ ಉಳಿದವರೆಲ್ಲರ ಜೊತೆ ಜೋಡಿಯಾದ. "ತೇದಿ ಇಲ್ಲ" ಅನ್ನೋದನ್ನು ಬೇರೆ ಬಗೆಯ ಫ್ಯಾಕ್ಟ್ ಮಾಡಿ, ಅಂಥವನ್ನು ಹೆಸರು ಮತ್ತು ಜಾಗದ ಮೇಲೆ ಹೋಲಿಸಿದ ಮೇಲೆ ಸರಿಹೋಯಿತು.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು, ಆದರೆ ಸದ್ದೇ ಮಾಡಲಿಲ್ಲ. ತೇದಿ, ರಾಜ, ವಿಷಯ ಮೂರೂ ಕೂಡಿದರೆ ಒಂದೇ ಶಾಸನ ಅಂತ ತಿಳಿದು ಒಂದನ್ನು ಅಳಿಸು ಅಂತ ನಿಯಮ ಬರೆದಿದ್ದೆ. ಮಾಗಡಿ ತಾಲ್ಲೂಕನ್ನೂ ಸೇರಿಸಿದ ದಿನ ಕಲ್ಯದ ಶಾಸನ (ಒಂಬತ್ತನೇ ಸಂಪುಟ, ಮಾಗಡಿ 18) ಪಟ್ಟಿಯಿಂದ ಮಾಯ. ಅದರಲ್ಲಿರುವುದೂ ಬುಕ್ಕನ ಅದೇ ರಾಜಿ. ಎಂಜಿನ್ ಹೇಳಿದ್ದನ್ನೇ ಮಾಡಿತ್ತು. ಆದರೆ ಬೆಳಗೊಳದ ಪಾಠದಲ್ಲಿ ದೂರು ಕೊಟ್ಟ ಜೈನರ ಊರುಗಳ ಸಾಲಿನಲ್ಲಿ ಆನೆಗೊಂದಿ, ಪೆನುಗೊಂಡೆಗಳ ಜೊತೆ ಕಲ್ಲೆಹವೂ ಇದೆ, ಅದೇ ಈ ಕಲ್ಯ. ದೂರು ಹೋದ ಊರಿನಲ್ಲೂ ತೀರ್ಪನ್ನು ಕಲ್ಲಿಗೆ ಹಾಕಿಸಿದ್ದರು ಎಂಬುದಕ್ಕೆ ಆ ಎರಡನೇ ಕಲ್ಲೇ ಸಾಕ್ಷಿ. ನಕಲು ಅಂತ ಅದನ್ನೇ ನಾನು ಅಳಿಸಿದ್ದೆ.

ಈಗ ಕಲ್ಲು, ಪಾಠ, ಆವೃತ್ತಿಯ ಸಂಖ್ಯೆ ಮೂರೂ ಬೇರೆ ಬೇರೆ ಫ್ಯಾಕ್ಟ್. ಗುರುತು ಕಲ್ಲಿಗೆ ಮಾತ್ರ. ಸಂಖ್ಯೆಯನ್ನು ಗುರುತಾಗಿಸಬಾರದು, ನಡುವೆ ಸಂಖ್ಯೆ ತಿದ್ದಿದರೆ ಆ ಫ್ಯಾಕ್ಟ್ ಹಳೇ ಡಬ್ಬಿಯಲ್ಲೇ ಉಳಿದು, ಹುಡುಕಿದರೂ ಸಿಗೋದಿಲ್ಲ.

ಲೆಕ್ಕ ಹಾಕಿ ಪಡೆದದ್ದನ್ನೂ ಪಾಠದೊಳಗೆ ಬೆರೆಸುವುದಿಲ್ಲ. ಗತ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷ ಸಂವತ್ಸರದ ಕ್ರಮಸಂಖ್ಯೆ (ಶೇಷ ಸೊನ್ನೆಯಾದರೆ ಅರವತ್ತನೆಯದು, ಅಕ್ಷಯ). ಬುಕ್ಕನ ಶಾಸನದ 1290ಕ್ಕೆ 1302, ಶೇಷ 42, ಕೀಲಕ. ಕಲ್ಲಿನಲ್ಲೂ ಕೀಲಕವೇ. ಒಂದು ವರ್ಷದ ವ್ಯತ್ಯಾಸ ಬಂದರೆ ಅದು ವರ್ತಮಾನ ಶಕವರ್ಷ ಇರಬಹುದು, ಓದಿದವರ ತಪ್ಪೂ ಇರಬಹುದು. ಎಂಜಿನ್ ಅದನ್ನು ತಿದ್ದುವುದಿಲ್ಲ, ಪಕ್ಕದಲ್ಲಿ ಒಂದು ಗುರುತು ಹಾಕಿ ಬಿಡುತ್ತದೆ. ಬೆಳಗೊಳ–ಕಲ್ಯ ಜೋಡಿಯ ಮುಂದೆ ಈಗ ಅದು ಬರೆಯುವುದು ಇಷ್ಟೇ: "ವಿಷಯ ಒಂದು, ಕಲ್ಲು ಎರಡು."