ಕ್ಲಾರ್ಕ್ಸ್‌ಡೇಲಿನ ಕಳೆದುಹೋದ ಕಡತ

ಹಾಡಿದವನ ಹೆಸರು ಉಳಿಯುವುದುಂಟು. ಹಾಡನ್ನು ಕೇಳಿ ಬರೆದಿಟ್ಟವನ ಹೆಸರು ಉಳಿಯುವುದು ಅಪರೂಪ. ಬರೆದಿಟ್ಟವರು ಹಲವರಿದ್ದು ಅವರಲ್ಲಿ ಒಬ್ಬನ ಹೆಸರು ಮಾತ್ರ ಉಳಿದರೆ, ಹಾಡಿನ ಕಥೆಯೇ ಓರೆಯಾಗಿಬಿಡುತ್ತದೆ. ಅಮೆರಿಕದ ಮಿಸಿಸಿಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಎಂಬ ಸಣ್ಣ ಪಟ್ಟಣದ ವಿಷಯದಲ್ಲಿ ನಡೆದುದು ಇದೇ.

ಹತ್ತಿಯ ಹೊಲಗಳ ನಡುವಣ ಊರು ಅದು. 1940ರಲ್ಲಿ ಅಲ್ಲಿದ್ದವರು ಸುಮಾರು 12,000 ಮಂದಿ. ಸುತ್ತಣ ಕೊಹೋಮಾ ಜಿಲ್ಲೆಯ ಜನರಲ್ಲಿ ಬಹುಪಾಲು ಕಪ್ಪು ಜನರು. ಬಿಳಿಯರ ಜಮೀನುಗಳನ್ನು ಕೋರಿಗೆ ಉತ್ತು, ವರ್ಷದ ಕೊನೆಗೆ ಒಡೆಯನ ಲೆಕ್ಕದ ಪುಸ್ತಕಕ್ಕೆ ತಲೆಬಾಗಿ ಬಾಳಿದವರು. ಬ್ಲೂಸ್ ಎಂದು ಜಗತ್ತು ಇಂದು ಮೆಚ್ಚಿ ಕೇಳುವ ಗಾಯನಕ್ಕೆ ಈ ಸೀಮೆ ತವರಿದ್ದಂತೆ.

ಇಂತಹ ಊರಿನ ಬಗ್ಗೆ ದಂತಕಥೆಗಳಿಗೆ ಕೊರತೆಯಿಲ್ಲ. ಪ್ರಖ್ಯಾತ ಗಾಯಕಿ ಬೆಸ್ಸಿ ಸ್ಮಿತ್ ಮೋಟಾರು ಅಪಘಾತದಲ್ಲಿ ಗಾಯಗೊಂಡು, 1937ರ ಸೆಪ್ಟೆಂಬರ್ 26ರಂದು ತೀರಿಕೊಂಡದ್ದು ಇಲ್ಲಿ. ಬಿಳಿಯರ ಆಸ್ಪತ್ರೆಯವರು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದ್ದರಿಂದ ಆಕೆ ಸತ್ತಳೆಂಬ ಸುದ್ದಿ ದೇಶವನ್ನೆಲ್ಲ ಸುತ್ತಿತು. ಎಡ್ವರ್ಡ್ ಆಲ್ಬಿಯವರು ಅದನ್ನೇ ವಸ್ತುವಾಗಿಸಿಕೊಂಡು ಬರೆದ ನಾಟಕ 1960ರಲ್ಲಿ ರಂಗವನ್ನೇರಿತು. ಆದರೆ ಅಪಘಾತದ ಸ್ಥಳದಲ್ಲಿ ಆಕೆಗೆ ಉಪಚಾರ ಮಾಡಿದ ವೈದ್ಯರು ಅನಂತರ ಹೇಳಿದುದು ಬೇರೆ. ಆಕೆಯನ್ನು ನೇರವಾಗಿ ಕಪ್ಪು ಜನರ ಆಸ್ಪತ್ರೆಗೇ ಒಯ್ದಿದ್ದರು. ಅಂದಿನ ಮಿಸಿಸಿಪಿಯಲ್ಲಿ ಕಪ್ಪು ರೋಗಿಯನ್ನು ಬಿಳಿಯರ ಆಸ್ಪತ್ರೆಯತ್ತ ಒಯ್ಯುವ ಯೋಚನೆಯೇ ಯಾವ ಚಾಲಕನಿಗೂ ಬರುವಂತಿರಲಿಲ್ಲ. ನಿಜಸಂಗತಿ ದಂತಕಥೆಗಿಂತ ಕಠೋರವಾದುದು. ಮುಚ್ಚಿದ ಬಾಗಿಲನ್ನು ತಟ್ಟುವ ಮಾತಿರಲಿ, ಅದರ ಮುಂದೆ ಹೋಗಿ ನಿಲ್ಲುವುದೂ ಊಹೆಗೆ ಮೀರಿದ ಕಾಲ ಅದು. ಊರನ್ನು ಕುರಿತು ಹೇಳುವ ಮೊದಲು ಊರಿನವರನ್ನು ಕೇಳಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಹಾಗೆ ಕೇಳಹೊರಟವರು ನ್ಯಾಶ್‌ವಿಲ್ಲಿನ ಫಿಸ್ಕ್ ವಿಶ್ವವಿದ್ಯಾನಿಲಯದವರು. ಕಪ್ಪು ಜನರ ವಿದ್ಯಾಭ್ಯಾಸಕ್ಕೆಂದೇ ಹುಟ್ಟಿದ ಸಂಸ್ಥೆ ಅದು. 1940ರ ಏಪ್ರಿಲ್ 23ರಂದು ಮಿಸಿಸಿಪಿಯ ನ್ಯಾಚೆಜ್ ಪಟ್ಟಣದ ನೃತ್ಯಶಾಲೆಯೊಂದರಲ್ಲಿ ಬೆಂಕಿ ಬಿದ್ದು ಇನ್ನೂರಕ್ಕೂ ಹೆಚ್ಚು ಕಪ್ಪು ಜನರು ಮಡಿದರು. ಫಿಸ್ಕಿನ ಸಂಗೀತ ಪ್ರಾಧ್ಯಾಪಕ ಜಾನ್ ವರ್ಕ್ ಅವರಿಗೆ, ಅಂಥ ದುಃಖದಿಂದ ಹಾಡುಗಳು ಹುಟ್ಟದೆ ಇರಲಾರವು, ಅವುಗಳನ್ನು ಸಂಗ್ರಹಿಸಬೇಕು ಎನಿಸಿತು. ಆ ಯೋಚನೆ ಬೆಳೆಯುತ್ತ, ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಅಲನ್ ಲೋಮ್ಯಾಕ್ಸ್ ಜೊತೆಗೂಡಿದರು. ಕ್ಷೇತ್ರ ನ್ಯಾಚೆಜ್‌ನಿಂದ ಕೊಹೋಮಾ ಜಿಲ್ಲೆಗೆ ಬದಲಾಯಿತು. ಸಮಾಜಶಾಸ್ತ್ರಜ್ಞ ಲೂಯಿಸ್ ಜೋನ್ಸ್, ವಿದ್ಯಾರ್ಥಿ ಸ್ಯಾಮ್ಯುಯೆಲ್ ಆಡಮ್ಸ್ ಸಹ ಸೇರಿದರು. 1941 ಮತ್ತು 1942ರಲ್ಲಿ ಕೆಲಸ ನಡೆಯಿತು. ಲೋಮ್ಯಾಕ್ಸ್ ಬಿಳಿಯರು, ಉಳಿದವರು ಕಪ್ಪು ಜನರು; ಇವರು ಒಂದೇ ಮೇಜಿನಲ್ಲಿ ಕುಳಿತು ಊಟ ಮಾಡುವುದೂ ಆ ನಾಡಿನಲ್ಲಿ ಅಪರಾಧವೆನಿಸುವಂತಿತ್ತು.

ಜೋನ್ಸ್ ಅವರು ಮೂರು ತಲೆಮಾರಿನವರ ಮಾತಿಗೆ ಕಿವಿಗೊಟ್ಟರು. ಮುದುಕರು ಕಾಡು ಕಡಿದು ಹೊಲ ಮಾಡಿದ ಕಾಲವನ್ನೂ ನದಿಯ ಹಡಗುಗಳನ್ನೂ ನೆನೆದರು. ನಡುವಯಸ್ಸಿನವರು ರೈಲುಹಾದಿಯ ಕಾಲವನ್ನು ಹೇಳಿದರು. ಹರೆಯದವರಿಗೆ ಹೆದ್ದಾರಿಯೇ ಲೋಕ. ಹೊಳೆ, ಹಳಿ, ಹೆದ್ದಾರಿ — ಒಂದು ಜನಾಂಗದ ಚರಿತ್ರೆ ಈ ಮೂರು ಮಾತುಗಳಲ್ಲಿ ಅಡಗಿದಂತಿದೆ. ಊರಿನ ಹೋಟೆಲುಗಳಲ್ಲಿ ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸುಗಳಿದ್ದವು. ಅವುಗಳಲ್ಲಿ ಯಾವ ಯಾವ ತಟ್ಟೆಗಳಿವೆಯೆಂದು ಜೋನ್ಸ್ ಪಟ್ಟಿ ಮಾಡಿದರು. ಹತ್ತಿ ಹೊಲದ ಬ್ಲೂಸ್ ಮಾತ್ರವೇ ಅಲ್ಲ, ಕೌಂಟ್ ಬೇಸಿ, ಫ್ಯಾಟ್ಸ್ ವಾಲರ್, ಲೂಯಿ ಜೋರ್ಡನ್ ಮೊದಲಾದವರ ನಗರಸಂಗೀತವೂ ಅಲ್ಲಿತ್ತು. ಹಳ್ಳಿಗರು ಹೊರಲೋಕವನ್ನರಿಯದ ಮುಗ್ಧರೆಂದು ಭಾವಿಸಿದ್ದವರಿಗೆ ಈ ಒಂದು ಪಟ್ಟಿಯೇ ಉತ್ತರ.

ಊರಿನ ಹತ್ತಿರದ ಸ್ಟೋವಾಲ್ ಜಮೀನಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮೆಕಿನ್ಲಿ ಮಾರ್ಗನ್‌ಫೀಲ್ಡ್ ಎಂಬ ತರುಣನ ಹಾಡುಗಳು ಮೊದಲು ಧ್ವನಿಮುದ್ರಿತವಾದುದೂ ಆಗಲೇ, 1941ರ ಆಗಸ್ಟಿನಲ್ಲಿ. ಮುಂದೆ ಮಡ್ಡಿ ವಾಟರ್ಸ್ ಎಂಬ ಹೆಸರಿನಿಂದ ಲೋಕಪ್ರಸಿದ್ಧನಾದವನು ಈತನೇ. ಬಿಳಿಯ ಗೋಪಾಲಕ ಗಾಯಕ ಜೀನ್ ಆಟ್ರಿಯ ಹಾಡುಗಳೂ ಅವನಿಗೆ ಬರುತ್ತಿದ್ದವೆಂಬುದನ್ನು ಮಾತ್ರ ಲೋಕ ಬೇಗನೆ ಮರೆಯಿತು.

ಎರಡು ಸಂಸ್ಥೆಗಳೂ ಸೇರಿ ಗ್ರಂಥವೊಂದನ್ನು ಪ್ರಕಟಿಸಬೇಕೆಂದಿದ್ದಿತು. ವರ್ಕ್ ಅವರು ನೂರಕ್ಕೂ ಹೆಚ್ಚು ಹಾಡುಗಳಿಗೆ ಸ್ವರಲಿಪಿ ಬರೆದು ಹಸ್ತಪ್ರತಿಯನ್ನು ಸಿದ್ಧಪಡಿಸಿದರು. ಅದು ಕಳೆದುಹೋಯಿತು. ಗ್ರಂಥ ಹೊರಬರಲಿಲ್ಲ. 1967ರಲ್ಲಿ ವರ್ಕ್ ತೀರಿಕೊಂಡರು. 1993ರಲ್ಲಿ ಲೋಮ್ಯಾಕ್ಸ್ ತಮ್ಮ ನೆನಪುಗಳ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅದಕ್ಕೆ ಪ್ರಶಸ್ತಿಯೂ ಬಂದಿತು. ಆದರೆ ಅದರಲ್ಲಿ ಎರಡು ವರ್ಷಗಳ ಪ್ರವಾಸಗಳು ಒಂದಾಗಿವೆ. ವರ್ಕ್ ಅವರನ್ನು ಹುಡುಕಿದರೂ ಕಾಣುವುದು ಕಷ್ಟ. ಕೊನೆಗೆ ಮಡ್ಡಿ ವಾಟರ್ಸನ ಜೀವನಚರಿತ್ರೆಗೆಂದು ಹುಡುಕಾಡುತ್ತಿದ್ದ ರಾಬರ್ಟ್ ಗಾರ್ಡನ್ ಅವರಿಗೆ ಹಳೆಯ ಕಾಗದಗಳ ನಡುವೆ ಕಳೆದ ಹಸ್ತಪ್ರತಿಯ ಸುಳಿವು ಸಿಕ್ಕಿತು. ವರ್ಕ್, ಜೋನ್ಸ್, ಆಡಮ್ಸ್ ಮೂವರ ಬರಹಗಳೂ 2005ರಲ್ಲಿ ಒಂದೇ ಸಂಪುಟವಾಗಿ ಬೆಳಕು ಕಂಡವು.

ಲೋಮ್ಯಾಕ್ಸರ ಸೇವೆಯನ್ನು ಯಾರೂ ಅಲ್ಲಗಳೆಯಲಾರರು. ಅವರ ಯಂತ್ರವಿಲ್ಲದಿದ್ದರೆ ಆ ಕಂಠಗಳು ನಮಗೆ ಕೇಳಿಸುತ್ತಲೇ ಇರಲಿಲ್ಲ. ಆದರೆ ಪ್ರಾಚೀನವಾದುದನ್ನು ಅರಸುತ್ತ ಬಂದವರ ಕಣ್ಣಿಗೆ ಪ್ರಾಚೀನವಾದುದೇ ಹೆಚ್ಚಾಗಿ ಬೀಳುವುದು ಸಹಜ. ತಮ್ಮವರನ್ನೇ ಅರಿಯಲು ಬಂದವರು ಜೂಕ್‌ಬಾಕ್ಸಿನ ಪಟ್ಟಿಯನ್ನೂ ಬರೆದುಕೊಂಡರು. ಆ ಪಟ್ಟಿ ಅರುವತ್ತು ವರ್ಷ ಕತ್ತಲೆಯಲ್ಲಿದ್ದಾಗ, ಬ್ಲೂಸ್ ಗಾಯಕನೆಂದರೆ ಲೋಕದ ಸಂಪರ್ಕವಿಲ್ಲದ ಒಂಟಿ ಜೀವಿಯೆಂಬ ಕಲ್ಪನೆ ನೆಲೆಯೂರಿಬಿಟ್ಟಿತು.

ಇನ್ನೊಮ್ಮೆ ಹೋಗಿ ಕೇಳೋಣವೆಂದರೆ ಆ ಊರು ಹಾಗೆಯೇ ನಿಂತಿರಲಿಲ್ಲ. 1943ರಲ್ಲಿ ಮಡ್ಡಿ ವಾಟರ್ಸ್ ಷಿಕಾಗೋಗೆ ಹೊರಟುಹೋದ. 1944ರಲ್ಲಿ ಪಕ್ಕದ ಹಾಪ್ಸನ್ ಜಮೀನಿನಲ್ಲಿ ಹತ್ತಿ ಬಿಡಿಸುವ ಯಂತ್ರಗಳ ಪ್ರದರ್ಶನ ನಡೆಯಿತು. ಯಂತ್ರಕ್ಕೆ ಕೋರಿನವರ ಕೈಗಳು ಬೇಕಿರಲಿಲ್ಲ. ಸಾವಿರಾರು ಸಂಸಾರಗಳು ಉತ್ತರದ ರೈಲು ಹತ್ತಿದವು. ಬೆಸ್ಸಿ ಸ್ಮಿತ್ ತೀರಿಕೊಂಡ ಆಸ್ಪತ್ರೆಯೂ ಅದೇ ವರ್ಷ ವಸತಿಗೃಹವಾಗಿ, ಸಂಚಾರಿ ಕಪ್ಪು ಗಾಯಕರಿಗೆ ತಂಗುದಾಣವಾಯಿತು.

ಇಂದು ಕ್ಲಾರ್ಕ್ಸ್‌ಡೇಲಿನ ಹಳೆಯ ರೈಲು ಸರಕುಮನೆಯಲ್ಲಿ ಬ್ಲೂಸ್ ವಸ್ತುಸಂಗ್ರಹಾಲಯವಿದೆ. ಮಡ್ಡಿ ವಾಟರ್ಸ್ ಬಾಳಿದ ಗುಡಿಸಲಿನ ಮರದ ತೊಲೆಗಳನ್ನು ಅಲ್ಲಿ ಕಾಪಾಡಿದ್ದಾರೆ. ಪರದೇಶಗಳಿಂದ ಬಂದವರು ಅದರ ಮುಂದೆ ಮೌನವಾಗಿ ನಿಲ್ಲುತ್ತಾರೆ. ಗುಡಿಸಲನ್ನು ನೋಡಿದವರು ಜೋನ್ಸ್ ಅವರ ಪಟ್ಟಿಯನ್ನೂ ಒಮ್ಮೆ ಓದಬೇಕು. ಆ ಗುಡಿಸಲಿನಲ್ಲಿದ್ದವನ ಕಿವಿಗೆ ಎಷ್ಟು ದೂರದ ಹಾಡುಗಳು ಬೀಳುತ್ತಿದ್ದವೆಂಬುದು ಆಗ ತಿಳಿದೀತು.