ದೋಣಿಯ ಎಂಜಿನು ಚಾಲೂ ಆಗದಾಗ

ಗಂಗೊಳ್ಳಿಯಂತಹ ಅಳಿವೆಯಲ್ಲಿ ನಾಡದೋಣಿಯ ಎಂಜಿನು ನಿಂತುಹೋಗಿ ಮತ್ತೆ ಚಾಲೂ ಆಗದಿದ್ದರೆ, ಮೊದಲು ಲಂಗರು ಇಳಿಸಬೇಕು. ಇಳಿತದ ಸೆಳೆತಕ್ಕೆ ದೋಣಿಯು ತೆರೆ ಒಡೆಯುವೆಡೆಗೆ ಸಾಗಿಬಿಟ್ಟರೆ ದುರಸ್ತಿಗೆ ಅವಕಾಶವೆಲ್ಲಿ?

ಲಂಗರು ಕಚ್ಚಿದ ಮೇಲೆ ಎಣ್ಣೆ ಬರುವ ದಾರಿಯನ್ನು ನೋಡಿರಿ. ಟಾಂಕಿಯ ಮುಚ್ಚಳದಲ್ಲಿ ಗಾಳಿಗೆಂದು ಒಂದು ತಿರುಪು ಉಂಟು. ಅದು ಬಿಗಿದಿದ್ದರೆ ಒಳಗೆ ಗಾಳಿ ಸೇರದು, ಎಣ್ಣೆ ಹರಿಯದು. ತುಂಬಿದ ಟಾಂಕಿಯೂ ಬರಿದಾದಂತೆಯೇ. ಅದನ್ನು ಸಡಿಲಿಸಿ, ಕೊಳವೆಯ ನಡುವಣ ರಬ್ಬರು ಉಂಡೆಯನ್ನು ಗಟ್ಟಿಯಾಗುವವರೆಗೆ ಹಿಚುಕಿರಿ. ಸೀಮೆಎಣ್ಣೆಯ ಎಂಜಿನಾದರೆ, ತಣ್ಣಗಿರುವಾಗ ಪೆಟ್ರೋಲಿನಿಂದಲೇ ಹೊರಡಿಸಬೇಕು. ಸೀಮೆಎಣ್ಣೆ ಬಿಸಿಯಿಲ್ಲದೆ ಸುಲಭವಾಗಿ ಆವಿಯಾಗದು.

ಪೆಟ್ರೋಲಿನ ಘಾಟು ಮೂಗಿಗೆ ಹೊಡೆಯಿತೇ? ಎಣ್ಣೆ ಮಿತಿಮೀರಿ ಪ್ಲಗ್ಗು ತೊಯ್ದಿದೆ. ಅದನ್ನು ಬಿಚ್ಚಿ ಒರೆಸಿ ಒಣಗಿಸಿರಿ. ಆ ಹೊತ್ತಿನಲ್ಲಿ ಬೀಡಿಯ ನೆನಪು ಮಾತ್ರ ಬೇಡ!

ಇಷ್ಟಾದರೂ ಆಗದಿದ್ದರೆ, ಹಗ್ಗವೆಳೆದೆಳೆದು ತೋಳು ಸೋಲಿಸಿಕೊಳ್ಳದೆ, ಕೋಸ್ಟ್ ಗಾರ್ಡಿನ 1554ಕ್ಕೆ ಫೋನು ಮಾಡಿರಿ.