ಕಿತ್ತೂರಿನ ಬಾಗಿಲ ಮುಂದಣ ತೋಪುಗಳು

ಯುದ್ಧವನ್ನು ವಸ್ತುವಾಗುಳ್ಳ ಚಲಚ್ಚಿತ್ರಗಳು ಸಾಮಾನ್ಯವಾಗಿ ನಾಯಕನನ್ನೋ ನಾಯಿಕೆಯನ್ನೋ ಮುಂದಿಟ್ಟುಕೊಂಡು ಸಾಗುತ್ತವೆ. ತೋಪಿಗೆ ಮದ್ದು ತುಂಬಿ ಬತ್ತಿ ಮುಟ್ಟಿಸುವ ಗೋಲಂದಾಜರು ಹೊಗೆಯಲ್ಲಿ ಮರೆಯಾಗುತ್ತಾರೆ. ಇದಕ್ಕೆ ಅಪವಾದಗಳೂ ಉಂಟು. 1928ರಲ್ಲಿ ಸಿಂಕ್ಲೇರ್ ಹಿಲ್ ನಿರ್ದೇಶಿಸಿದ ‘ದಿ ಗನ್ಸ್ ಆಫ್ ಲೂಸ್’ ಎಂಬ ಇಂಗ್ಲೆಂಡಿನ ಮೂಕಚಿತ್ರವು 1915ರ ಲೂಸ್ ಕದನದ ಫಿರಂಗಿದಳವನ್ನೇ ಕಥಾವಸ್ತುವಾಗಿಸಿಕೊಂಡಿತು. ಕನ್ನಡದಲ್ಲಿ 1961ರಲ್ಲಿ ತೆರೆಕಂಡ, ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಚಿತ್ರದಲ್ಲಾದರೋ ಬಿ. ಸರೋಜಾದೇವಿಯವರು ಅಭಿನಯಿಸಿದ ರಾಣಿಯ ಪಾತ್ರವೇ ಕೇಂದ್ರ. ಅದು ಸಹಜವೇ. ಆದರೆ ಆ ಯುದ್ಧದ ಗತಿಯನ್ನು ತೋಪುಗಳ ಕಡೆಯಿಂದಲೂ ನೋಡದಿದ್ದರೆ ಅದರ ಅರ್ಥ ಪೂರ್ಣವಾಗದೆಂದು ನಾವು ಭಾವಿಸುತ್ತೇವೆ.

1824ರಲ್ಲಿ ಶಿವಲಿಂಗರುದ್ರಸರ್ಜನು ತೀರಿಕೊಂಡ ತರುವಾಯ ದತ್ತಕವನ್ನು ಮಾನ್ಯಮಾಡಲು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಮದರಾಸಿನ ಕುದುರೆ ಫಿರಂಗಿದಳದೊಡನೆ ಆತನು ಕಿತ್ತೂರಿಗೆ ಬಂದನು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿದ್ದನ್ನು ಕಂಡು ತೋಪಿನಿಂದ ಅದನ್ನು ಒಡೆಯಿಸಲು ಮುಂದಾದನು. ಒಳಗಿನ ಸೈನ್ಯ ಹಠಾತ್ತನೆ ಹೊರನುಗ್ಗಿತು. ಥ್ಯಾಕರೆ ಹತನಾದನು; ಫಿರಂಗಿದಳದ ಅಧಿಕಾರಿಗಳಾದ ಬ್ಲ್ಯಾಕ್, ಸೀವೆಲ್, ಡೈಟನ್ ಎಂಬವರೂ ಪ್ರಾಣ ಕಳೆದುಕೊಂಡರು.

ಇದಕ್ಕೆ ಕಾರಣವನ್ನು ಶೌರ್ಯದಲ್ಲಿ ಮಾತ್ರವಲ್ಲದೆ ತೋಪಿನ ಕೆಲಸದ ಕ್ರಮದಲ್ಲಿಯೂ ಹುಡುಕಬೇಕು. ಆಗಿನ ತೋಪುಗಳಿಗೆ ಬಾಯಿಯ ಕಡೆಯಿಂದಲೇ ಮದ್ದುಗುಂಡು ತುಂಬಬೇಕಾಗಿತ್ತು. ಹಾರಿಸಿದ ಮೇಲೆ ಒಬ್ಬನು ಒದ್ದೆಯ ಕುಂಚದಿಂದ ನಳಿಗೆಯನ್ನು ಒರಸಿ ಉಳಿದ ಕಿಡಿಯನ್ನು ಆರಿಸುವನು. ಇನ್ನೊಬ್ಬನು ಮದ್ದಿನ ಚೀಲವನ್ನೂ ಗುಂಡನ್ನೂ ತಂದಿಡುವನು. ಮತ್ತೊಬ್ಬನು ಅವನ್ನು ಗಟ್ಟಿಯಾಗಿ ತಳ್ಳುವನು. ಕಿವಿಯ ರಂಧ್ರದಲ್ಲಿ ಮದ್ದಿಟ್ಟು ಕಿಡಿ ಮುಟ್ಟಿಸುವವನು ಬೇರೆ. ಒಬ್ಬನು ಬಿದ್ದರೆ ಇಡೀ ಸರಪಣಿಯೇ ನಿಲ್ಲುವುದು. ದೂರದಲ್ಲಿ ನಿಂತಾಗ ಈ ಬಿಡುವು ಅಪಾಯಕರವಲ್ಲ. ಕೋಟೆಯ ಬಾಗಿಲಿನೆದುರು ಸಾಕಷ್ಟು ಕಾಲಾಳುಗಳ ರಕ್ಷಣೆಯಿಲ್ಲದೆ ನಿಂತಾಗ ಅದೇ ಮರಣಕಾರಣ. ಥ್ಯಾಕರೆ ಬೆದರಿಕೆಯ ಸಾಧನವೆಂದು ತಂದ ತೋಪುಗಳು ಹತ್ತಿರದ ಕಾಳಗದಲ್ಲಿ ನಿರುಪಯುಕ್ತವಾದವು.

ಡಿಸೆಂಬರಿನಲ್ಲಿ ಕಂಪನಿಯವರು ಈ ತಪ್ಪನ್ನು ಮರುಕಳಿಸಲಿಲ್ಲ. ಕರ್ನಲ್ ಡೀಕನ್ನನ ನೇತೃತ್ವದಲ್ಲಿ ಬಹುಸಂಖ್ಯೆಯ ಸೈನ್ಯವೂ ಬಲವಾದ ಫಿರಂಗಿಗಳೂ ಬಂದವು. ಡಿಸೆಂಬರ್ 5ರ ಹೊತ್ತಿಗೆ ಕೋಟೆ ಅವರ ವಶವಾಯಿತು. ಸೆರೆಯಾದ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು.

ಜನಸ್ಮೃತಿಯು ಈ ಸೋಲಿಗೆ ಬೇರೊಂದು ಕಾರಣವನ್ನು ಹೇಳುತ್ತದೆ: ದ್ರೋಹಿಗಳು ಕೋಟೆಯ ಮದ್ದಿನಲ್ಲಿ ಸೆಗಣಿ ಬೆರೆಸಿದರೆಂದು. ಕುಮಾರಪಟ್ಟಣ, ರಾಣೇಬೆನ್ನೂರು, ಬ್ಯಾಡಗಿಗಳು 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದವಾದ್ದರಿಂದ ಈ ಕಥೆ ನಮ್ಮ ವಿದ್ಯಾರ್ಥಿಗಳಿಗೆ ಪರಕೀಯವಲ್ಲ. ತಾಂತ್ರಿಕವಾಗಿ ಇದು ಅಸಂಭವವೂ ಅಲ್ಲ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣಕ್ಕೆ ತೇವ ತಗುಲಿದರೆ ಅದು ಸರಿಯಾಗಿ ಹೊತ್ತಿಕೊಳ್ಳದು. ಆದರೆ ಸಂಭವನೀಯವಾದುದೆಲ್ಲ ಸಂಭವಿಸಿದ್ದೆಂದು ಇತಿಹಾಸಕಾರನು ಹೇಳಲಾರನು. ಮದ್ದು ಶುದ್ಧವಾಗಿದ್ದರೂ ಒಂದು ಸಣ್ಣ ಸಂಸ್ಥಾನವು ಹಲವು ಪ್ರಾಂತಗಳ ಬಲವನ್ನು ಕೂಡಿಸಬಲ್ಲ ಕಂಪನಿಯನ್ನು ಎಷ್ಟು ಕಾಲ ತಡೆಯಬಹುದಾಗಿತ್ತು? ಸೋಲಿನ ಭಾರವನ್ನೆಲ್ಲ ಒಬ್ಬಿಬ್ಬರ ದ್ರೋಹದ ಮೇಲೆ ಹೊರಿಸಿದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಇನ್ನೊಂದು ಮಾತು. ಹತರಾದ ಇಂಗ್ಲಿಷ್ ಅಧಿಕಾರಿಗಳ ಹೆಸರುಗಳು ನಮಗೆ ದೊರೆಯುತ್ತವೆ. ಅವರ ಪಕ್ಕದಲ್ಲಿ ಕುಂಚ ಹಿಡಿದು ನಿಂತಿದ್ದ ದೇಶೀಯ ಗೋಲಂದಾಜರ ಹೆಸರುಗಳಾಗಲಿ, ಕೋಟೆಯೊಳಗಿನ ತೋಪುಗಾರರ ಹೆಸರುಗಳಾಗಲಿ ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ. ಚಿತ್ರವನ್ನು ತರಗತಿಯಲ್ಲಿ ಚರ್ಚಿಸುವ ಅಧ್ಯಾಪಕರು ರಾಣಿಯ ಧೈರ್ಯದ ಜೊತೆಗೆ ಇವರ ಕಡೆಗೂ ವಿದ್ಯಾರ್ಥಿಗಳ ದೃಷ್ಟಿಯನ್ನು ತಿರುಗಿಸಬೇಕೆಂಬುದೇ ನಮ್ಮ ವಿಜ್ಞಾಪನೆ.